ಏಕತಾರಿಯನ್ನು ಗದ್ದಲ ಅಂದುಕೊಂಡ ಮೈಕು: ಎರಡು ವರ್ಷ ಬಳಸಿದ ಮೇಲೆ

ಈ ಯುಎಸ್‌ಬಿ ಕಂಡೆನ್ಸರ್ ಮೈಕಿನ ತೂಕ, ಉದ್ದ, ಬಿಟ್ ಲೆಕ್ಕವೆಲ್ಲ ಡಬ್ಬಿಯ ಮೇಲೇ ಇದೆ, ಮತ್ತೆ ಬರೆಯುವುದಿಲ್ಲ. ನಾನು ಕಲಿತ ಹಾಡುಗಾರನೂ ಅಲ್ಲ. ತತ್ವಪದದ ಧಾಟಿಯಲ್ಲಿ ಪದ ಕಟ್ಟುವ ಹುಚ್ಚು, ಏಕತಾರಿ ಮೀಟುತ್ತ ಅದನ್ನು ಹಾಡಿಕೊಳ್ಳುವ ಚಟ. ಹಾಡಿದ್ದನ್ನು ನಮ್ಮ ಭಜನಾ ಮೇಳದ ವಾಟ್ಸಾಪ್ ಗುಂಪಿಗೆ ಹಾಕಿದರೆ ಆಯಿತು. ಇದಕ್ಕೆ ನಾಲ್ಕು ಸಾವಿರದೊಳಗೆ ಸಿಗುವಂಥದ್ದು ಬೇಕಿತ್ತು. ಮೈಕಿಗೂ ಲ್ಯಾಪ್‌ಟಾಪಿಗೂ ನಡುವೆ ಇಡುವ ಇಂಟರ್‌ಫೇಸ್ ಪೆಟ್ಟಿಗೆ, ಅದರಿಂದ ಮೈಕಿಗೆ ಕೊಡುವ 48 ವೋಲ್ಟಿನ ಕರೆಂಟು (ಫ್ಯಾಂಟಮ್ ಪವರ್) ಎಂದು ಹೊರಟರೆ ಪಗಾರ ಸಾಲುವುದಿಲ್ಲ. ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಕೆಲಸ ಶುರುವಾಗಬೇಕು. ಆ ಮಟ್ಟಿಗೆ ಮೈಕು ಮಾತು ಉಳಿಸಿಕೊಂಡಿದೆ.

ಇದರ ಮುಂದೆ ಹಾಡುವುದು ನಮ್ಮನೆಯಲ್ಲಿ ಒಂದು ವ್ರತ. ಧಾರವಾಡದ ಓಣಿ ರಾತ್ರಿ ಹತ್ತರ ಮೇಲೆ ತಣ್ಣಗಾಗುತ್ತದೆ, ಆಮೇಲೆಯೇ ನಮ್ಮ ಪಾಳಿ. ಮೊದಲು ಫ್ಯಾನ್ ಬಂದ್, ನಂತರ ಫ್ರಿಜ್ ಬಂದ್. ಫ್ರಿಜ್ ಮತ್ತೆ ಹಚ್ಚುವುದು ಮರೆತರೆ ಮುಂಜಾನೆ ಹಾಲು ಕೆಟ್ಟು ಮನೆಯವಳ ಬೈಗುಳ. ಹಾಗಾಗಿ ಗಾಡಿಯ ಕೀಲಿ ಫ್ರಿಜ್‌ನೊಳಗೇ ಇಡುತ್ತೇನೆ, ಕೀಲಿ ಇಲ್ಲದೆ ಆಫೀಸಿಗೆ ಹೋಗುವ ಹಾಗಿಲ್ಲ. ಆಮೇಲೆ ಕೌದಿ. ಮೈಕಿನ ಮುಖ ನನ್ನ ಕಡೆ ಇರುತ್ತದೆ ಅಂದರೆ ನನ್ನ ಬೆನ್ನ ಹಿಂದಿನ ಗೋಡೆಯ ಕಡೆಗೂ ಇರುತ್ತದೆ, ಅಲ್ಲಿಂದ ತಿರುಗಿ ಬರುವ ದನಿಯನ್ನೂ ಅದು ಕೇಳಿಸಿಕೊಳ್ಳುತ್ತದೆ. ಅದಕ್ಕೇ ಅಜ್ಜಿ ಹೊಲಿದ ದಪ್ಪನೆಯ ಕೌದಿ ಹಿಂದಿನ ಗೋಡೆಗೆ, ತೆಳುವಾದದ್ದು ಬಾಗಿಲಿಗೆ. ಹಳೆ ಸೀರೆಗಳ ಆ ಪದರಗಳ ಮುಂದೆ ಆನ್‌ಲೈನಿನಲ್ಲಿ ಮಾರುವ ತೆಳ್ಳನೆಯ ಫೋಮ್ ಹಾಳೆ ಯಾವ ಲೆಕ್ಕ? ಬಾಯಿಗೂ ಮೈಕಿಗೂ ನಡುವೆ ಒಂದು ಗೇಣು. ಪಕಾರ, ಭಕಾರ ಬಂದಾಗ ಬಾಯಿಂದ ಗಾಳಿ ಗುದ್ದುತ್ತದೆ, ಆದ್ದರಿಂದ ಮೈಕನ್ನು ನೇರ ಇಡದೆ ತುಸು ಓರೆಯಾಗಿ ಇಡಬೇಕು. ಅಷ್ಟು ಮಾಡಿದರೆ ದನಿ ಚಲೋ ಹಿಡಿಯುತ್ತದೆ. ಉಸಿರು ಎಳೆದದ್ದು, ತಂತಿಗೆ ಉಗುರು ತಾಗಿದ್ದು, ಎಲ್ಲ ಕೇಳುತ್ತದೆ. ಮೊದಲ ತಿಂಗಳಲ್ಲೇ ವಿಮರ್ಶೆ ಬರೆದಿದ್ದರೆ ಕಣ್ಣುಮುಚ್ಚಿ ನಾಲ್ಕು ಸ್ಟಾರ್ ಕೊಡುತ್ತಿದ್ದೆ.

ಆಮೇಲೆ, ನಾನು ರೆಕಾರ್ಡ್ ಮಾಡಲು ಬಳಸುತ್ತಿದ್ದ ಮೈಕು ಕಂಪನಿಯವರ ಆ್ಯಪ್ ಹೊಸ ಆವೃತ್ತಿಗೆ ಏರಿತು. ಆ ವಾರ ಕಳಿಸಿದ ಪದ ಕೇಳಿ ಮೇಳದ ಹಿರಿಯ ಕಾಕಾ ಒಬ್ಬರು, ‘ಯಾಕೋ ತಮ್ಮಾ, ಏಕತಾರಿ ಮಾರಿದೇನು?’ ಎಂದು ಕೇಳಿದರು. ಹಚ್ಚಿ ಕೇಳಿದೆ. ಹೌದು, ಏಕತಾರಿಯೇ ಇಲ್ಲ. ಹಾಡು ಶುರುವಾದಾಗ ಎರಡು ಮೀಟು ಕೇಳುತ್ತದೆ, ಆಮೇಲೆ ಶ್ರುತಿ ಕರಗಿ ಹೋಗುತ್ತದೆ, ನಾನೊಬ್ಬನೇ ಬಾವಿಯಲ್ಲಿ ನಿಂತು ಕೂಗಿದ ಹಾಗೆ. ಹೊಸ ಆವೃತ್ತಿ ‘ನಾಯ್ಸ್ ರಿಮೂವಲ್’ ಎಂಬ ಗದ್ದಲ ತೆಗೆಯುವ ಸೌಲಭ್ಯವನ್ನು ತಾನೇ ಹಚ್ಚಿಕೊಂಡಿತ್ತು.

ಈ ಸೌಲಭ್ಯಕ್ಕೆ ಹಾಡು ಗೊತ್ತಿಲ್ಲ, ಮಾತು ಮಾತ್ರ ಗೊತ್ತು. ಮಾತು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಬದಲಾಗದೆ ಒಂದೇ ಸಮನೆ ನಿಂತದ್ದೆಲ್ಲ ಫ್ಯಾನು, ಎಸಿ, ಕರೆಂಟಿನ ಗುಂಯ್ ಅನ್ನುವುದು ಅದರ ನಂಬಿಕೆ. ಏಕತಾರಿಯ ಕೆಲಸವೇ ಒಂದೇ ಸಮನೆ ನಿಲ್ಲುವುದು! ನನ್ನ ಶ್ರುತಿ ಕಪ್ಪು ಒಂದು, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆ, ಸುಮಾರು 138 ಹರ್ಟ್ಸ್. ಕರೆಂಟಿನ ಗುಂಯ್ 50, 100, 150ರಲ್ಲಿ ಕೂತಿರುತ್ತದೆ. ಪಕ್ಕದ ಮನೆಯ ಕಳ್ಳನ ಜತೆ ನಮ್ಮ ಬಡಪಾಯಿಯನ್ನೂ ಹಿಡಿದುಕೊಂಡು ಹೋದರು. ತಂಬೂರಿ, ಶ್ರುತಿಪೆಟ್ಟಿಗೆ, ಹಾರ್ಮೋನಿಯಂ ಒತ್ತಿ ಹಿಡಿದ ಷಡ್ಜ, ಯಾವುದಕ್ಕೂ ಇದೇ ಗತಿ ಆದೀತು.

ಗ್ರಾಹಕ ಸೇವೆಗೆ ಫೋನ್ ಮಾಡಿದೆ. ಹುಡುಗ ಮರ್ಯಾದೆಯಿಂದಲೇ ಮಾತಾಡಿದ, ರೆಕಾರ್ಡಿಂಗ್ ತರಿಸಿಕೊಂಡು ಕೇಳಿದ. ‘ಹಿನ್ನೆಲೆ ಸದ್ದು ಪೂರ್ತಿ ಹೋಗಿದೆಯಲ್ಲ ಸರ್, ಫೀಚರ್ ಸರಿಯಾಗೇ ಕೆಲಸ ಮಾಡ್ತಿದೆ’ ಎಂದ. ಆ ಹಿನ್ನೆಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮೀಟುವವನು ನಾನೇ ಎಂದೆ. ‘ಸಂತೋಷವಾಯಿತು ಸರ್, ಬೇರೇನಾದರೂ ಸಹಾಯ ಬೇಕಾ?’ ಎಂದ. ಗುಂಡಿ ಒತ್ತಿ ತೆಗೆದರೂ ಮುಂದಿನ ಅಪ್‌ಡೇಟಿನಲ್ಲಿ ಅದು ಮತ್ತೆ ಬಂದು ಕೂರುತ್ತದೆ. ನನಗೆ ಸಿಟ್ಟು ಇರುವುದು ಇದೊಂದಕ್ಕೇ.

ಈಗ ಆ ಆ್ಯಪನ್ನೇ ಕಿತ್ತು ಹಾಕಿದ್ದೇನೆ. ರೆಕಾರ್ಡ್ ಮಾಡಿ ಎಡಿಟ್ ಮಾಡಲು ಪುಕ್ಕಟೆ ಸಿಗುವ ಆಡಾಸಿಟಿ ಸಾಫ್ಟ್‌ವೇರ್ ಸಾಕು. ಅದರಲ್ಲೂ ಗದ್ದಲ ತೆಗೆಯುವ ಸೌಲಭ್ಯ ಇದೆ, ಆದರೆ ಯಾವುದು ಗದ್ದಲ ಎಂದು ಹೇಳುವವರು ನಾವು. ರೆಕಾರ್ಡ್ ಒತ್ತಿ, ತಂತಿ ಮುಟ್ಟದೆ ನಾಲ್ಕೈದು ಸೆಕೆಂಡು ಸುಮ್ಮನೆ ಕೂರಬೇಕು. ಆ ಖಾಲಿ ಜಾಗವನ್ನೇ ಮಾದರಿಯಾಗಿ ಕೊಟ್ಟು, ಆರು ಡೆಸಿಬೆಲ್ ಮಾತ್ರ ಇಳಿಸಿದರೆ ಏಕತಾರಿ ಕ್ಷೇಮ. ಮಳೆಗಾಲದ ಜೀರುಂಡೆ ಅಷ್ಟಕ್ಕೆಲ್ಲ ಹೋಗುವುದಿಲ್ಲ. ಇರಲಿ ಬಿಡಿ.

ಹಂಚುವವರಿಗೆ ಎರಡು ಮಾತು. ವಾಟ್ಸಾಪಿನಲ್ಲಿ ಒತ್ತಿ ಹಿಡಿದು ಕಳಿಸುವ ವಾಯ್ಸ್ ಮೆಸೇಜು ಮಾತಿಗೆಂದೇ ಮಾಡಿದ್ದು, ಹಾಡಿಗೆ ಬೇಡ. ಫೈಲನ್ನು ಡಾಕ್ಯುಮೆಂಟ್ ಎಂದು ಕಳಿಸಿ, ಇದ್ದದ್ದು ಇದ್ದ ಹಾಗೇ ಹೋಗುತ್ತದೆ. ಒಂದೇ ಮೈಕಿನಲ್ಲಿ ಹಾಡಿದ್ದಕ್ಕೆ ಸ್ಟೀರಿಯೊ ಯಾಕೆ, ಮೊನೊ ಇಡಿ. ನಾಲ್ಕು ನಿಮಿಷದ ಪದ 16 ಬಿಟ್ ವೇವ್‌ನಲ್ಲಿ 21 ಎಂಬಿ, 128 ಕೆಬಿಪಿಎಸ್‌ನ ಎಂಪಿ3 ಮಾಡಿದರೆ ನಾಲ್ಕು ಎಂಬಿಯ ಒಳಗೆ. ನಮ್ಮ ಗುಂಪಿನವರು ಎಲ್ಲವನ್ನೂ ಫೋನಿನ ಸ್ಪೀಕರಿನಲ್ಲೇ ಕೇಳುವವರು. ಅಷ್ಟು ಸಣ್ಣ ಸ್ಪೀಕರಿನಿಂದ 138 ಹರ್ಟ್ಸ್ ಹೇಗೂ ಸರಿಯಾಗಿ ಹೊರಬರುವುದಿಲ್ಲ, ತಂತಿಯ ಮೇಲಿನ ಝೇಂಕಾರವೇ ಕಿವಿಗೆ ಶ್ರುತಿ ಕಟ್ಟಿಕೊಡುತ್ತದೆ. ಹೀಗಾಗಿ ಆ ಝೇಂಕಾರ ಎಬ್ಬಿಸುವ, ತಂತಿಯ ಕೆಳಗಿನ ಜೀವಾಳದ ದಾರ ಸರಿಯಾಗಿ ಕೂರಿಸಿಕೊಂಡು ಹಾಡುವುದೇ ಎಲ್ಲ ಎಡಿಟಿಂಗಿಗಿಂತ ಮೇಲು.

ಗೀಗಿ ಮೇಳದವರು ಕೊಳ್ಳುವುದಾದರೆ ಡಪ್ಪನ್ನು ಎರಡು ಮೂರು ಮೊಳ ದೂರ ಕೂರಿಸಿ, ಇಲ್ಲವಾದರೆ ಪ್ರತಿ ಏಟಿಗೂ ಸದ್ದು ಒಡೆಯುತ್ತದೆ. ಬರೀ ಕತೆ ಓದುವವರು, ಪಾಠ ಮಾಡುವವರು ಆ ನಾಯ್ಸ್ ರಿಮೂವಲ್ ಹಚ್ಚಿಕೊಂಡೇ ಇರಿ, ನಿಮಗದು ವರ. ಯುಎಸ್‌ಬಿ ತೂತು ಈಚೆಗೆ ಸಡಿಲಾಗಿದೆ, ವಾರಂಟಿ ಮುಗಿದಿದೆ, ರಬ್ಬರ್ ಬ್ಯಾಂಡ್ ಹಾಕಿ ನಡೆಸಿದ್ದೇನೆ. ಐದಕ್ಕೆ ಮೂರು ಸ್ಟಾರ್. ಮೊದಲಿನ ನಾಲ್ಕರಲ್ಲಿ ಕಳೆದ ಒಂದು ಸ್ಟಾರ್ ಮೈಕಿನದಲ್ಲ, ಆ್ಯಪಿನದು.