ಕಾಂಗ್ರೆಸ್ ಗಿಡದ ದುಂಬಿ ನೋಡಲು ಕೊಂಡ ಹತ್ತು ಪಟ್ಟಿನ ಲೆನ್ಸ್

ಕಾಂಗ್ರೆಸ್ ಗಿಡವನ್ನು ತಿಂದು ಬದುಕುವ ಝೈಗೋಗ್ರಾಮ ದುಂಬಿಯನ್ನು ಗಿಡದ ಮೇಲೆಯೇ ನೋಡಬಯಸುವವರಿಗೆ ಹತ್ತು ಪಟ್ಟು ಹಿಗ್ಗಿಸಿ ತೋರಿಸುವ, ಮಡಚುವ ಟ್ರಿಪ್ಲೆಟ್ (ಮೂರು ಗಾಜು ಸೇರಿಸಿದ) ಲೆನ್ಸ್ ಸಾಕು ಎಂಬುದು ಈ ಮಳೆಗಾಲವಿಡೀ ಅದನ್ನು ಬಳಸಿದ ನನ್ನ ಅಭಿಪ್ರಾಯ. ಚಿಕ್ಕಪೇಟೆ ಕಡೆಯ ಅಂಗಡಿಯೊಂದರಲ್ಲಿ ಇದನ್ನು ಕೊಂಡೆ. ಅಲ್ಲಿಯೇ ಮೂವತ್ತು ಪಟ್ಟು ಎಂದು ಕೆತ್ತಿದ್ದ, ಬೆಲೆಯೂ ಕಡಿಮೆಯಿದ್ದ ಇನ್ನೊಂದನ್ನು ತೋರಿಸಿದರು. 250 ಮಿಲಿಮೀಟರನ್ನು ಪಟ್ಟಿನಿಂದ ಭಾಗಿಸಿದರೆ ಸಂಗಮದೂರ, ಅಂದರೆ ಸ್ಪಷ್ಟವಾಗಿ ಕಾಣಲು ವಸ್ತುವನ್ನು ಲೆನ್ಸಿನಿಂದ ಸುಮಾರಾಗಿ ಇಡಬೇಕಾದ ದೂರ, ಸಿಗುವುದರಿಂದ, ನಿಜವಾದ ಮೂವತ್ತು ಪಟ್ಟಿನ ಲೆನ್ಸಿಗೆ ವಸ್ತುವನ್ನು ಒಂದು ಸೆಂಟಿಮೀಟರಿಗಿಂತ ಹತ್ತಿರ ತರಬೇಕು. ಅಂಗಡಿಯವರು ತೋರಿಸಿದ್ದರಲ್ಲಾದರೋ ಎರಡೂವರೆ ಸೆಂಟಿಮೀಟರ್ ದೂರದಲ್ಲೇ ಅಕ್ಷರಗಳು ಸ್ಪಷ್ಟವಾಗಿ ಕಂಡವು, ಅಂದರೆ ಅದೂ ಸುಮಾರು ಹತ್ತು ಪಟ್ಟಿನದೇ. ಕೆತ್ತಿದ ಅಂಕಿಯನ್ನು ನಂಬದೆ ಹೀಗೆ ಅಳೆದು ನೋಡಿಯೇ ಕೊಳ್ಳಬೇಕು.

ಮೆಕ್ಸಿಕೋ ಮೂಲದ ಝೈಗೋಗ್ರಾಮ ಬೈಕಲರೇಟಾವನ್ನು ಈ ಕಳೆಯ ಹತೋಟಿಗಾಗಿ ತರಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಇಷ್ಟು ವರ್ಷಗಳಿಂದ ನಮ್ಮ ಖಾಲಿ ನಿವೇಶನಗಳಲ್ಲೇ ಇದ್ದರೂ ಇದನ್ನು ಗುರುತಿಸುವವರು ಕಡಿಮೆ ಎಂಬುದು ಬೇಸರದ ಸಂಗತಿ. ಸುಮಾರು ಆರು ಮಿಲಿಮೀಟರ್ ಉದ್ದದ ದುಂಬಿ ಬರಿಗಣ್ಣಿಗೆ ಮಾಸಲು ಬಿಳಿಯ ಚುಕ್ಕೆ ಮಾತ್ರ; ಲೆನ್ಸಿನಡಿಯಲ್ಲಿ ಕೆನೆಬಣ್ಣದ ಮೇಲ್ರೆಕ್ಕೆಗಳ ಉದ್ದಕ್ಕೂ ಕಡುಕಂದು ಗೆರೆಗಳು ಲೇಖನಿಯಿಂದ ಎಳೆದಂತೆ ಬಳುಕುತ್ತ ಸಾಗುವುದು ಕಾಣುತ್ತದೆ. ಎಲೆಯ ತಳಭಾಗವನ್ನು ತಿರುಗಿಸಿದರೆ ಮೊಟ್ಟೆಗಳು, ಚಿಗುರಿನ ಸಂದಿಯಲ್ಲಿ ಎಳೆಯ ಮರಿಹುಳುಗಳು ಸಿಗುತ್ತವೆ. ಬಲಿತ ಹುಳುಗಳು ಮಣ್ಣಿಗಿಳಿದು ಕೋಶ ಕಟ್ಟುತ್ತವೆ, ಒಣಹವೆಯಲ್ಲಿ ದುಂಬಿಗಳೂ ಮಣ್ಣೊಳಗೆ ಸುಪ್ತವಾಗಿರುತ್ತವೆ. ಆದ್ದರಿಂದ ಮಳೆ ಬಿದ್ದ ಮೇಲೆ ಹುಡುಕುವುದು ಲೇಸು.

ಟ್ರಿಪ್ಲೆಟ್‌ನಲ್ಲಿ ಮೂರು ಗಾಜುಗಳನ್ನು ಸೇರಿಸಿರುವುದರಿಂದ ಗೆರೆಗಳ ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ ಒಡೆಯುವುದಿಲ್ಲ, ನೋಟದ ಅಂಚಿನವರೆಗೂ ಚಿತ್ರ ನೇರವಾಗಿರುತ್ತದೆ. ಲೆನ್ಸನ್ನು ಕಣ್ಣಿಗೆ ಒತ್ತಿ ಹಿಡಿದು ಎಲೆಯನ್ನೇ ಅದರತ್ತ ತರುವುದು ಸರಿಯಾದ ಕ್ರಮ. ಹೆಚ್ಚು ಪಟ್ಟಿನದಾದರೆ ನೋಟದ ಹರವು ಕುಗ್ಗಿ, ಬೆಳಕೂ ಕಡಿಮೆಯಾಗಿ, ನಡೆದಾಡುವ ದುಂಬಿಯನ್ನು ಹಿಂಬಾಲಿಸುವುದೇ ಕಷ್ಟ.

ನನ್ನ ಲೆನ್ಸಿನ ಕೊರತೆಗಳೆಂದರೆ, ಮಡಚುವ ತಿರುಪು ಬೇಗ ಸಡಿಲವಾಗುತ್ತದೆ ಮತ್ತು ದಾರ ಕಟ್ಟಲು ಕೊಂಡಿಯಿಲ್ಲ. ಕಾಂಗ್ರೆಸ್ ಗಿಡ ಚರ್ಮಕ್ಕೆ ತುರಿಕೆ ತರುವುದರಿಂದ ಕೈಗವಸು ಹಾಕಿಯೇ ಎಲೆ ಹಿಡಿಯಬೇಕಾಗುತ್ತದೆ, ಗವಸಿನ ಕೈಯಿಂದ ಈ ನುಣುಪು ಲೋಹದ ಲೆನ್ಸ್ ಜಾರಿಬೀಳುತ್ತದೆ. ಕೊಂಡಿಯಿರುವುದು ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ಆರಿಸಿಕೊಳ್ಳಿ.