ವರ್ಗ ಸಮೀಕರಣ: ಒಡೆಯೋದಾ, ಸೂತ್ರಾನಾ, ಅರ್ಧ ಮಾಡೋದಾ?

ಮಗಳು ಹತ್ತನೇ ಕ್ಲಾಸು. ವರ್ಗ ಸಮೀಕರಣ ಬಿಡಿಸಲು ಯಾವ ದಾರಿ ವಾಸಿ ಎಂದು ನಮ್ಮಿಬ್ಬರಿಗೂ ದಿನಾ ಜಗಳ. ಕೊನೆಗೆ ಒಂದು ಭಾನುವಾರ ಕೂತು ಮೂರೂ ದಾರಿ ಹಿಡಿದು ನೋಡಿದೆವು.

ಮೊದಲು ಸುಲಭದ್ದು: ಎಕ್ಸ್² − 7ಎಕ್ಸ್ + 12 = 0. ಮಧ್ಯದ ಪದ ಒಡೆಯುವ ಅಪವರ್ತನ ವಿಧಾನಕ್ಕೆ ಇಲ್ಲಿ ಸಾಟಿಯೇ ಇಲ್ಲ. ಗುಣಿಸಿದರೆ 12, ಕೂಡಿದರೆ 7. ಮಗ್ಗಿ ಬಂದವರಿಗೆ 3, 4 ತಾನಾಗಿಯೇ ಹೊಳೆಯುತ್ತದೆ. (ಎಕ್ಸ್ − 3)(ಎಕ್ಸ್ − 4) = 0 ಅಂದರೆ ಎರಡರಲ್ಲೊಂದು ಸೊನ್ನೆ ಆಗಲೇಬೇಕು. ನಾನು ಸೂತ್ರ, ಅಂದರೆ ಎಕ್ಸ್ = (−ಬಿ ± √(ಬಿ² − 4ಎಸಿ)) / 2ಎ, ಬರೆಯುವಷ್ಟರಲ್ಲಿ ಅವಳು ಪೆನ್ನು ಕೆಳಗಿಟ್ಟಿದ್ದಳು.

ಆದರೆ ಬಲಗಡೆ ಸೊನ್ನೆಯೇ ಇರಬೇಕು ಅನ್ನೋದು ಮರೆತರೆ ಕೆಟ್ಟಿತು. ಸುಮ್ನೆ ಅದೇ ಆವರಣಗಳ ಮುಂದೆ ಸೊನ್ನೆಯ ಬದಲು 2 ಬರೆದುಕೊಟ್ಟೆ. ಅವಳು ಎರಡು ಆವರಣವನ್ನೂ 2ಕ್ಕೆ ಸಮ ಮಾಡಿ 5, 6 ಎಂದಳು. ತಮಾಷೆ ನೋಡಿ, 5 ಸರಿಯಾದ ಉತ್ತರವೇ! 2ನ್ನು ಎಡಕ್ಕೆ ತಂದು ಬಿಡಿಸಿದರೆ ಬರುವುದು 2 ಮತ್ತು 5. ಬರೀ 5ನ್ನು ತಾಳೆ ನೋಡಿದ್ದರೆ ತಪ್ಪು ಗೊತ್ತೇ ಆಗುತ್ತಿರಲಿಲ್ಲ.

ಆಮೇಲೆ ಎಕ್ಸ್² − 4ಎಕ್ಸ್ − 221 = 0. ಮಗಳು 221ನ್ನು 3, 7, 11 ಎಂದು ಭಾಗಿಸುತ್ತಾ ಕೂತಳು. "ಅಮ್ಮಾ, ಇದು ಒಡೆಯೋದೇ ಇಲ್ಲ." ಒಡೆಯುತ್ತದೆ, 13 × 17. ಸೂತ್ರ ಹಾಕಿದರೆ 16 + 884 = 900, ವರ್ಗಮೂಲ 30, ಉತ್ತರ 17 ಮತ್ತು −13. ನಂಬಬಹುದಾದ ದಾರಿಯೇ. ಆದರೆ ಮೈನಸ್ಸಿಗೆ ಮೈನಸ್ ಸೇರುವ ಕಡೆ ನಾನೇ ಒಂದನ್ನು ನುಂಗಿದ್ದೆ.

ಮೂರನೆಯದು, ಅಮೆರಿಕದ ಗಣಿತಜ್ಞ ಪೋ-ಶೆನ್ ಲೋ 2019ರಲ್ಲಿ ಪ್ರಚಾರಕ್ಕೆ ತಂದದ್ದು. ಇದೇ ಸಮೀಕರಣದ ಮೂಲಗಳ, ಅಂದರೆ ಎರಡು ಉತ್ತರಗಳ, ಮೊತ್ತ 4, ಅದರರ್ಧ 2. ಹಾಗಾದರೆ ಮೂಲಗಳು 2 + ಯು, 2 − ಯು. ಗುಣಿಸಿದರೆ 4 − ಯು² = −221. ಯು² = 225, ಯು = 15. ಮುಗೀತು! ಊಹೆಯೂ ಬೇಡ, ಬಾಯಿಪಾಠವೂ ಬೇಡ. ತೀರಾ ಹೊಸದೇನಲ್ಲ, ವರ್ಗ ಪೂರ್ಣಗೊಳಿಸುವ ವಿಧಾನದ ತಮ್ಮ ಅಷ್ಟೇ. ಎಕ್ಸ್² ಮುಂದೆ 6, 7 ಅಂತ ಇದ್ದರೆ ಮಾತ್ರ ಭಿನ್ನರಾಶಿ ಕಾಟ ಜಾಸ್ತಿ. ಅಲ್ಲಿ ಸೂತ್ರವೇ ಸರಿ.

ನಾನೀಗ ಅರ್ಧ ನಿಮಿಷ ಒಡೆಯಲು ನೋಡುತ್ತೇನೆ, ಹೊಳೆಯದಿದ್ದರೆ ಅರ್ಧ ಮಾಡುತ್ತೇನೆ. ಪರೀಕ್ಷೆಯಲ್ಲಿ 'ಅಪವರ್ತನ ವಿಧಾನದಿಂದ ಬಿಡಿಸಿ' ಎಂದರೆ ಹಾಗೇ ಬಿಡಿಸಬೇಕಲ್ವಾ? ಮಗಳು ಅದಕ್ಕೂ ಉಪಾಯ ಹುಡುಕಿದ್ದಾಳೆ. ರಫ್ ಹಾಳೆಯಲ್ಲಿ ಅರ್ಧ ಮಾಡಿ 17, −13 ಹಿಡಿದುಕೊಳ್ಳುತ್ತಾಳೆ. ಉತ್ತರ ಪತ್ರಿಕೆಯಲ್ಲಿ −17ಎಕ್ಸ್ + 13ಎಕ್ಸ್ ಎಂದು, ಏನೂ ಗೊತ್ತಿಲ್ಲದವಳ ಹಾಗೆ, ನೀಟಾಗಿ ಒಡೆಯುತ್ತಾಳೆ.