ಬಿಯರ್ ಟ್ಯಾಂಕಿಗೆ ಕೂರಿಸಿದ ನಿಗಾ ಸಾಧನ: ಮೂರು ವರ್ಷಗಳ ಬಳಕೆಯ ನಂತರ

ಬೆಂಗಳೂರಿನ ಸಣ್ಣ ಬ್ರೂವರಿಯೊಂದರಲ್ಲಿ ಬಿಯರ್ ಮಾಡುವುದು ನನ್ನ ಕೆಲಸ. ಸಾವಿರ ಲೀಟರಿನ ನಾಲ್ಕು ಟ್ಯಾಂಕು, ವಾರಕ್ಕೆ ಎರಡು ಬ್ಯಾಚು. 2022ರ ಕೊನೆಯಲ್ಲಿ ನಾಲ್ಕೂ ಟ್ಯಾಂಕುಗಳಿಗೆ ಈ ಸಾಧನವನ್ನು ಕೂರಿಸಿದೆವು. ಹುದುಗುತ್ತಿರುವ ಬಿಯರನ್ನು ಸಣ್ಣ ಕೊಳವೆಯಲ್ಲಿ ಎಳೆದುಕೊಂಡು ಸಾಂದ್ರತೆ, ಪಿಎಚ್, ಉಷ್ಣತೆ, ಒತ್ತಡ ಇಷ್ಟನ್ನೂ ಹದಿನೈದು ನಿಮಿಷಕ್ಕೊಮ್ಮೆ ಅಳೆದು ಮೊಬೈಲಿಗೆ ಕಳಿಸುತ್ತದೆ. ಒಂದು ಟ್ಯಾಂಕಿನ ವಾರ್ಷಿಕ ಚಂದಾ ನಮ್ಮ ಸಹಾಯಕನ ಸುಮಾರು ಎರಡು ತಿಂಗಳ ಸಂಬಳದಷ್ಟು. ತಯಾರಕರ ಹೆಸರು ಇಲ್ಲಿ ಬೇಡ.

ಮೊದಲು ಒಳ್ಳೆಯ ಮಾತು. ಹಿಂದೆ ಬೆಳಿಗ್ಗೆ ಒಂಬತ್ತಕ್ಕೆ ಜಾಡಿಯಲ್ಲಿ ಬಿಯರ್ ಹಿಡಿದು, ಗ್ಯಾಸ್ ಹೋಗುವ ತನಕ ಕಾದು, ಸಾಂದ್ರತೆ ತೋರಿಸುವ ಹೈಡ್ರೋಮೀಟರ್ ತೇಲಿಸಿ, 20 ಡಿಗ್ರಿಗೆ ಲೆಕ್ಕ ಸರಿಪಡಿಸಿ ಪುಸ್ತಕದಲ್ಲಿ ಬರೆಯುತ್ತಿದ್ದೆವು. ದಿನಕ್ಕೆ ಒಂದೇ ಅಂಕಿ. ತಂಪಿನಲ್ಲಿ ನಿಧಾನವಾಗಿ ಹುದುಗುವ ಲಾಗರ್ ಬಿಯರಿಗೆ ಅದು ಸಾಲದು. ಯೀಸ್ಟ್ ಸಕ್ಕರೆ ತಿನ್ನುತ್ತ ಹೋದಂತೆ ಸಾಂದ್ರತೆ (ನೀರಿನದು 1.000) ಇಳಿದು 1.018ರ ಹತ್ತಿರ ಬಂದಾಗ ಟ್ಯಾಂಕನ್ನು 11 ಡಿಗ್ರಿಯಿಂದ 15–16ಕ್ಕೆ ಏರಿಸಿದರೆ, ಡೈಅಸಿಟೈಲ್ ಎಂಬ ಬೆಣ್ಣೆ ವಾಸನೆಯ ವಸ್ತುವನ್ನು ಯೀಸ್ಟೇ ತಿಂದು ಮುಗಿಸುತ್ತದೆ. ಆ ಘಳಿಗೆ ರಾತ್ರಿ ಎರಡಕ್ಕೆ ಬಂದರೆ ನಮಗೆ ತಿಳಿಯುತ್ತಿದ್ದುದು ಮರುದಿನ. ಬೆಣ್ಣೆಯ ಪರಿಮಳ ದಾವಣಗೆರೆಯ ದೋಸೆಗೆ ಭೂಷಣ, ಲಾಗರಿಗೆ ಕಳಂಕ. ಸಾಧನ ಬಂದ ಮೇಲೆ ಈ ದೂರು ಬಹುಮಟ್ಟಿಗೆ ನಿಂತಿತು. ಹಾಗೆಂದು ಸಾಧನಕ್ಕೆ ಮೂಗಿಲ್ಲ. ಈಗಲೂ ಮಾದರಿಯನ್ನು ಮುಚ್ಚಿದ ಸೀಸೆಯಲ್ಲಿ 60–70 ಡಿಗ್ರಿ ಬಿಸಿನೀರಿನಲ್ಲಿ ಅರ್ಧ ಗಂಟೆ ಇಟ್ಟು, ಆರಿಸಿ, ಮೂಸಿ, ಬೆಣ್ಣೆ ವಾಸನೆ ಇಲ್ಲವೆಂದು ನೋಡಿಯೇ ಟ್ಯಾಂಕನ್ನು ತಣಿಸುತ್ತೇವೆ.

ಇನ್ನು ಗೊಣಗಾಟ. ಕಹಿ, ಪರಿಮಳ ಕೊಡುವ ಹಾಪ್ ಹೂವನ್ನು ಹೆಚ್ಚು ಹಾಕಿದ ಬ್ಯಾಚುಗಳಲ್ಲಿ ಕೊಳವೆ ಕಟ್ಟಿಕೊಳ್ಳುತ್ತದೆ. ಆಗ ಗ್ರಾಫಿನ ಗೆರೆ ಅಲುಗಾಡದೆ ನಿಲ್ಲುತ್ತದೆ, ಹೊಸಬರು ಹುದುಗುವಿಕೆ ಮುಗಿಯಿತೆಂದು ತಿಳಿಯುತ್ತಾರೆ. ಪಿಎಚ್ ಕಡ್ಡಿ ಮೆಲ್ಲಗೆ ದಾರಿ ತಪ್ಪುತ್ತದೆ. 4 ಮತ್ತು 7ರ ದ್ರಾವಣಗಳಲ್ಲಿ ಅದ್ದಿ ಮತ್ತೆ ಮತ್ತೆ ಸರಿಹೊಂದಿಸದಿದ್ದರೆ ಸುಳ್ಳನ್ನು ಎರಡು ದಶಾಂಶಗಳ ಠೀವಿಯಲ್ಲಿ ಹೇಳುತ್ತದೆ. ಎಚ್ಚರಿಕೆ ಗಂಟೆಗಳ ಕಾಟವಂತೂ ಸಾಕುಸಾಕಾಯಿತು. ಮೊದಲ ತಿಂಗಳಲ್ಲೇ ನನ್ನ ಫೋನು ಮಲಗುವ ಕೋಣೆಯಿಂದ ಅಡುಗೆಮನೆಗೆ ವರ್ಗವಾಯಿತು.

ಗಂಟೆಗಳ ಕಾಟಕ್ಕೆ ಕಾರಣ, ಮಿತಿಗಳನ್ನು ನಾವೇ ಅಂದಾಜಿನಲ್ಲಿ ತುಂಬಿದ್ದು. ಕೊನೆಗೆ ಅಂಕಿಗಳನ್ನು ಸ್ಪ್ರೆಡ್‌ಶೀಟಿಗೆ ಇಳಿಸಿ, 1924ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ವಾಲ್ಟರ್ ಶೂಹಾರ್ಟ್ ತೋರಿಸಿದ ನಿಯಂತ್ರಣ ನಕ್ಷೆಯ ದಾರಿ ಹಿಡಿದೆ. ಪ್ರತಿ ಬ್ಯಾಚಿಗೂ ಹಿಂದಿನದಕ್ಕೂ ಇರುವ ವ್ಯತ್ಯಾಸಗಳ ಸರಾಸರಿಯನ್ನು 2.66ರಿಂದ ಗುಣಿಸಿ, ಒಟ್ಟು ಸರಾಸರಿಯ ಮೇಲೊಂದು ಕೆಳಗೊಂದು ಗೆರೆ ಎಳೆಯುವುದು. ಗೆರೆಯೊಳಗಿನ ಏರಿಳಿತ ನಮ್ಮ ಪದ್ಧತಿಯ ಸಹಜ ಉಸಿರಾಟ. ಹೊರಗೆ ಬಿದ್ದದ್ದಕ್ಕೆ ಮಾತ್ರ ಕಾರಣ ಹುಡುಕಬೇಕು. ಚಂದಾ ಕಟ್ಟಿದ ತಂತ್ರಾಂಶದಲ್ಲಿ ಬಣ್ಣದ ಗ್ರಾಫುಗಳಿವೆ, ಈ ಎರಡು ಗೆರೆಗಳಿಲ್ಲ!

2024ರ ಬೇಸಿಗೆಯಲ್ಲಿ ಪೇಲ್ ಏಲ್ ಎಂಬ ತಿಳಿಬಣ್ಣದ ಬಿಯರಿನ ಚುಕ್ಕಿಗಳು ನಕ್ಷೆಯಲ್ಲಿ ಕೆಳಗಿನ ಗೆರೆ ದಾಟತೊಡಗಿದವು. ಆರಂಭದ ಸಾಂದ್ರತೆ 1.048 ಇರಬೇಕಾದಲ್ಲಿ 1.045, ಕುಡಿದರೆ ನಾಲಿಗೆಯ ಮೇಲೆ ಚಹಾ ಸೊಪ್ಪಿನ ಒಗರು. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಚೀಲಗಳನ್ನು ಶಂಕಿಸಿದೆವು, ಗಿರಣಿಯನ್ನು ಶಂಕಿಸಿದೆವು, ಆ ದಿನ ಪಾಳಿಯಲ್ಲಿದ್ದವರನ್ನೂ ಬಿಡಲಿಲ್ಲ. ವಿಚಿತ್ರವೆಂದರೆ ಸ್ಟೌಟ್ ಎಂಬ ಕಪ್ಪು ಬಿಯರ್ ಮಾತ್ರ ಎಂದಿನಂತೆಯೇ ಇತ್ತು. ಉತ್ತರ ಸಿಕ್ಕಿದ್ದು ಕಾವಲುಗಾರರ ಪುಸ್ತಕದಲ್ಲಿ. ಯಾವ ದಿನ ಎಷ್ಟು ಟ್ಯಾಂಕರ್ ನೀರು ಬಂತು ಎಂದು ಅವರು ಬಿಲ್ಲಿಗಾಗಿ ಬರೆದಿಟ್ಟಿದ್ದರು. ಆ ತಾರೀಖುಗಳನ್ನು ಬ್ಯಾಚುಗಳ ಪಕ್ಕದ ಕಾಲಂನಲ್ಲಿ ತುಂಬಿದಾಗ ಕಣ್ಣಿಗೆ ಹೊಡೆಯಿತು. ನಗರಕ್ಕೆಲ್ಲ ನೀರಿನ ಬರ. ಆರ್‌ಒ ಯಂತ್ರ ಚೆಲ್ಲುವ ನೀರನ್ನು ಉಳಿಸಲು ನಾವೇ ಅದನ್ನು ಕಡಿಮೆ ಓಡಿಸಿ, ಟ್ಯಾಂಕರಿನ ಕೊಳವೆಬಾವಿ ನೀರನ್ನು ಹೆಚ್ಚು ಬೆರೆಸುತ್ತಿದ್ದೆವು. ನೀರಿನ ಕ್ಷಾರೀಯತೆ ಏರಿ ಮ್ಯಾಶ್‌ನ (ಬಿಸಿನೀರಿನಲ್ಲಿ ನೆನೆಸಿದ ಪುಡಿ ಮಾಲ್ಟಿನ) ಪಿಎಚ್ 5.4ರ ಬದಲು 5.8 ಮುಟ್ಟುತ್ತಿತ್ತು: ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳು ಸೋಮಾರಿ, ಸಿಪ್ಪೆಯಿಂದ ಒಗರು. ಸ್ಟೌಟ್‌ನಲ್ಲಿ ಹುರಿದ ಮಾಲ್ಟಿನ ಆಮ್ಲವೇ ಅದನ್ನು ಸರಿದೂಗಿಸುತ್ತಿತ್ತು. ನಾಚಿಕೆಯ ಸಂಗತಿಯೆಂದರೆ ಮ್ಯಾಶ್‌ನ ಪಿಎಚ್ ಅಳೆಯುವ ಮೀಟರ್ ನಮ್ಮಲ್ಲಿತ್ತು. ಅಳೆದದ್ದನ್ನು ಯಾರೂ ಬರೆದಿಡುತ್ತಿರಲಿಲ್ಲ.

ಟ್ಯಾಂಕರ್ ನೀರಿನ ಹನ್ನೊಂದು ಬ್ಯಾಚು, ಕಾವೇರಿ ನೀರಿನ ಹದಿನಾಲ್ಕು. ಇಷ್ಟು ಕಡಿಮೆ ಅಂಕಿಗಳಿಂದ ತೀರ್ಮಾನಿಸಬಹುದೇ ಎಂದು ಮಾಲೀಕರು ಕೇಳಿದರು. ನಮ್ಮ ಕಸುಬಿನವರೇ ಅದಕ್ಕೆ ಉತ್ತರ ಕೊಟ್ಟಿದ್ದಾರೆ. ಡಬ್ಲಿನ್ನಿನ ಗಿನ್ನೆಸ್‌ನಲ್ಲಿದ್ದ ವಿಲಿಯಂ ಗಾಸೆಟ್ ಇಂಥ ಸಣ್ಣ ಮಾದರಿಗಳ ಲೆಕ್ಕವನ್ನು 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದರು. ಸ್ಪ್ರೆಡ್‌ಶೀಟಿನಲ್ಲಿ ಅದು ಒಂದು ಸಾಲಿನ ಸೂತ್ರ. ವ್ಯತ್ಯಾಸ ಆಕಸ್ಮಿಕವೆಂದು ತಳ್ಳಿಹಾಕುವಂತಿರಲಿಲ್ಲ.

ಕೊಳ್ಳಬೇಕೇ ಎಂದು ಕೇಳುವವರಿಗೆ: ಲಾಗರ್ ಮಾಡುವವರಾದರೆ ಕೊಳ್ಳಿ. ಬೆಚ್ಚಗೆ ಬೇಗ ಹುದುಗುವ ಏಲ್ ಮಾತ್ರವಾದರೆ ಮೊದಲು ಒಂದು ವರ್ಷ ಪುಸ್ತಕದಲ್ಲಿ ಶಿಸ್ತಾಗಿ ಬರೆಯಿರಿ. ನಾವು ಎರಡು ಟ್ಯಾಂಕುಗಳ ಚಂದಾ ಮುಂದುವರಿಸಿ, ಇನ್ನೆರಡರದು ನಿಲ್ಲಿಸಿದ್ದೇವೆ. ಉಳಿದ ಹಣದ ಚೂರಿನಲ್ಲಿ ಕ್ಷಾರೀಯತೆ ಅಳೆಯುವ ಹನಿ ಪರೀಕ್ಷೆಯ ಪೆಟ್ಟಿಗೆ ಬಂತು. ಈಗ ಕಾವಲುಗಾರರೇ ಪ್ರತಿ ಟ್ಯಾಂಕರಿನಿಂದ ಒಂದು ಲೋಟ ನೀರು ಹಿಡಿದು, ಬಣ್ಣ ಬದಲಾಗುವ ತನಕ ಹನಿ ಎಣಿಸಿ, ಗಾಡಿ ಸಂಖ್ಯೆಯ ಪಕ್ಕದಲ್ಲಿ ಬರೆಯುತ್ತಾರೆ. ಅಷ್ಟು ಹೊತ್ತು ಪೈಪು ಹಿಡಿದು ನಿಲ್ಲಬೇಕಾದ ಚಾಲಕನಿಗೆ ಸಿಟ್ಟು.